ಹಾರ್ಟ್ ಚೆಕಪ್‌ಗೆ ಹೋದಾಗ ‘ರೇಸ್’ ಕಾಲಂ: ಏನು ತುಂಬಬೇಕು, ಏನು ಕೇಳಬೇಕು

ಅಮೆರಿಕದಲ್ಲಿ ಯಾವ ಆಸ್ಪತ್ರೆಗೆ ಹೋದರೂ ಮೊದಲು ಕೈಗೆ ಬರುವುದು ಒಂದು ಫಾರ್ಮು. ಹೆಸರು, ಹುಟ್ಟಿದ ತಾರೀಕು, ಇನ್ಶೂರೆನ್ಸ್ ನಂಬರು ಆದಮೇಲೆ ‘ರೇಸ್’, ಅಂದರೆ ಜನಾಂಗ, ಅಂತ ಒಂದು ಕಾಲಂ ಇರುತ್ತದೆ. ನಮ್ಮವರಲ್ಲಿ ಕೆಲವರು ‘ಏಷ್ಯನ್’ ಅಂತ ಟಿಕ್ ಹಾಕುತ್ತಾರೆ, ಕೆಲವರು ‘ಅದರ್’ ಅಂತ. ಇನ್ನು ಕೆಲವರು ‘ಇದೆಲ್ಲಾ ಇವರಿಗ್ಯಾಕೆ’ ಅಂತ ಖಾಲಿ ಬಿಡುತ್ತಾರೆ. ಊರಿಂದ ಬಂದ ಅಪ್ಪ ಅಮ್ಮಂದಿರಂತೂ ‘ಅಮೆರಿಕನ್ ಇಂಡಿಯನ್’ ಅನ್ನುವ ಬಾಕ್ಸಿಗೆ ಖುಷಿಯಾಗಿ ಟಿಕ್ ಹಾಕುತ್ತಾರೆ. ಅಮೆರಿಕದಲ್ಲಿದ್ದೇವೆ, ಇಂಡಿಯನ್ನರು, ಸರಿಯಾಯ್ತಲ್ಲ ಅಂತ. ಅದು ಇಲ್ಲಿನ ಮೂಲನಿವಾಸಿಗಳ ಬಾಕ್ಸು.

ನಾನು ಡೆಟ್ರಾಯಿಟ್ ಪಕ್ಕದ ಒಂದು ಆಸ್ಪತ್ರೆಯಲ್ಲಿ ಎಕೋ ಟೆಕ್ನಿಶಿಯನ್. ಊರು ದಾವಣಗೆರೆ. ಎದೆಗೆ ಜೆಲ್ ಹಚ್ಚಿ, ಪ್ರೋಬ್ ಒತ್ತಿ, ಹೃದಯದ ಚಿತ್ರ ತೆಗೆದು ಅಳೆಯುವುದು ನನ್ನ ಕೆಲಸ. ಡೆಟ್ರಾಯಿಟ್‌ನ ಕಪ್ಪು ಜನ, ಡಿಯರ್‌ಬಾರ್ನ್‌ನ ಅರಬ್ಬರು, ಹ್ಯಾಮ್‌ಟ್ರಾಮಿಕ್‌ನ ಬಾಂಗ್ಲಾದೇಶಿಗಳು, ನೋವೈ, ಟ್ರಾಯ್ ಕಡೆಯ ನಮ್ಮವರು, ಎಲ್ಲರೂ ಅದೇ ಮಂಚದ ಮೇಲೆ ಎಡಮಗ್ಗುಲಾಗಿ ಮಲಗುತ್ತಾರೆ. ಮಷೀನು ಒಂದೇ. ಆದರೆ ಬಂದ ಅಳತೆ ನಾರ್ಮಲ್ಲೋ ಅಲ್ಲವೋ ಅಂತ ಹೇಳುವ ಪಟ್ಟಿ ಇದೆಯಲ್ಲ, ಅದನ್ನು ಯಾರನ್ನೋ ಅಳೆದು ಮಾಡಿರುತ್ತಾರೆ. ಆ ಗುಂಪಿನಲ್ಲಿ ನಿಮ್ಮಂಥವರು ಇರದಿದ್ದರೆ ತಪ್ಪು ಎರಡು ಕಡೆಗೂ ಆಗಬಹುದು. ಇರುವ ಕಾಯಿಲೆ ಕಣ್ತಪ್ಪಬಹುದು, ಇಲ್ಲದ ಕಾಯಿಲೆ ಕಾಣಿಸಬಹುದು. ಯಾವ ಟೆಸ್ಟು ಯಾರಿಗೆ ಯಾವ ಕಡೆ ವಾಲುತ್ತದೆ ಅಂತ ಗೊತ್ತಿದ್ದರೆ ಡಾಕ್ಟರ ಮುಂದೆ ಕೂತಾಗ ಕೇಳಬೇಕಾದ್ದನ್ನು ಕೇಳಬಹುದು.

ನಾನು ಡಾಕ್ಟರಲ್ಲ. ಮಾತ್ರೆ ತಗೊಳ್ಳಿ, ಬಿಡಿ ಅಂತ ಹೇಳಲ್ಲ. ಇನ್ನೊಂದು ಮಾತು: ಇದೆಲ್ಲ ಆರಾಮಾಗಿ ಓಡಾಡಿಕೊಂಡಿರುವವರ ಚೆಕಪ್‌ಗೆ. ಎದೆನೋವು, ತಣ್ಣನೆ ಬೆವರು, ಉಸಿರು ಕಟ್ಟಿದಂತಾಗುವುದು ಇದ್ದರೆ ಯಾವ ಲೆಕ್ಕವೂ ಬೇಡ, ಇಲ್ಲಿ 911ಕ್ಕೆ, ಊರಲ್ಲಾದರೆ 108ಕ್ಕೆ ಫೋನ್ ಮಾಡಿ.

ಫಾರ್ಮು ತುಂಬುವಾಗ

‘ಏಷ್ಯನ್ ಇಂಡಿಯನ್’ ಅಂತ ಬಾಕ್ಸ್ ಇದ್ದರೆ ಅದಕ್ಕೇ ಟಿಕ್ ಹಾಕಿ. ಇಲ್ಲದಿದ್ದರೆ ‘ಏಷ್ಯನ್’ ಪಕ್ಕದಲ್ಲಿ ‘ಸೌತ್ ಏಷ್ಯನ್’ ಅಂತ ಕೈಯಲ್ಲಿ ಬರೆದು, ನರ್ಸಿಗೂ ಬಾಯಿಬಿಟ್ಟು ಹೇಳಿ. ಯಾಕೆ ಅಂದರೆ ‘ಏಷ್ಯನ್’ ಅನ್ನುವ ಒಂದೇ ಬಾಕ್ಸಿನಲ್ಲಿ ಚೀನಾ, ಜಪಾನು, ಫಿಲಿಪೀನ್ಸು, ನಾವು, ಎಲ್ಲರೂ ಇದ್ದೇವೆ. ಹೃದಯದ ವಿಷಯದಲ್ಲಿ ಈ ಗುಂಪುಗಳು ಒಂದೇ ಕಡೆ ಇಲ್ಲ. ಇಲ್ಲಿನ ಹೃದ್ರೋಗ ತಜ್ಞರ ಸಂಘಗಳು 2013ರಲ್ಲಿ ಕೊಟ್ಟ ಅಪಾಯದ ಲೆಕ್ಕದ ಬಗ್ಗೆ ಆ ಮಾರ್ಗಸೂಚಿಯೇ ಒಂದು ಎಚ್ಚರಿಕೆ ಹೇಳಿತ್ತು: ಪೂರ್ವ ಏಷ್ಯಾದವರಿಗೆ ಇದು ಅಪಾಯವನ್ನು ಜಾಸ್ತಿ ತೋರಿಸಬಹುದು, ದಕ್ಷಿಣ ಏಷ್ಯಾದವರಿಗೆ ಕಮ್ಮಿ ತೋರಿಸಬಹುದು. ಒಬ್ಬರದು ಮೇಲೆ, ಇನ್ನೊಬ್ಬರದು ಕೆಳಗೆ. ಇಬ್ಬರನ್ನೂ ಸೇರಿಸಿ ಸರಾಸರಿ ಹಾಕಿದರೆ ಎಲ್ಲಾ ಸರಿ ಇದ್ದಂತೆ ಕಾಣುತ್ತದೆ ಅಲ್ವಾ? ಅದಕ್ಕೇ ನಿಮ್ಮ ಗುಂಪನ್ನು ಬಿಡಿಸಿ ಬರೆಯಬೇಕು.

ಅದೇ ಫಾರ್ಮಿನಲ್ಲಿ ಮನೆಯವರ ಕಾಯಿಲೆಯ ಪ್ರಶ್ನೆ ಇರುತ್ತದೆ. ‘ಅಪ್ಪನಿಗೆ ಹಾರ್ಟ್ ಅಟ್ಯಾಕ್’ ಅಂತ ಬರೆದರೆ ಸಾಲದು, ಎಷ್ಟನೇ ವಯಸ್ಸಿಗೆ ಅಂತ ಬರೆಯಿರಿ. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ಕ್ಕಿಂತ ಮೊದಲು, ಅಮ್ಮ ಅಥವಾ ಅಕ್ಕತಂಗಿಯರಿಗೆ 65ಕ್ಕಿಂತ ಮೊದಲು ಆಗಿದ್ದರೆ ಡಾಕ್ಟರ್ ಅದನ್ನು ಬೇರೆಯೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಕಡೆ ‘ಎದೆ ಹಿಡ್ಕೊಂಡು ಹೋಗಿಬಿಟ್ರು’ ಅಂತಾರೆ, ವಯಸ್ಸು ಯಾರೂ ಹೇಳಲ್ಲ. ಚೆಕಪ್‌ಗೆ ಹೋಗುವ ಮೊದಲು ದೊಡ್ಡಪ್ಪನಿಗೋ ಸೋದರತ್ತೆಗೋ ಒಂದು ಫೋನ್ ಮಾಡಿ. ಅವರಿಗೆ ಇಸವಿ ನೆನಪಿರಲ್ಲ. ‘ಯಾರ ಮದುವೆ ಆದ ವರ್ಷ’ ಅಂತ ಕೇಳಿ, ತಕ್ಷಣ ಹೇಳುತ್ತಾರೆ.

ಹತ್ತು ವರ್ಷದ ಲೆಕ್ಕವನ್ನು ನೀವೇ ಮಾಡಿ ನೋಡಿ

ಡಾಕ್ಟರ್ ಕಂಪ್ಯೂಟರಿನಲ್ಲಿ ಏನೋ ಒತ್ತಿ ‘ನಿಮ್ಮ ರಿಸ್ಕ್ 4 ಪರ್ಸೆಂಟ್, ಚಿಂತೆ ಇಲ್ಲ’ ಅನ್ನುತ್ತಾರಲ್ಲ, ಅದು ಮುಂದಿನ 10 ವರ್ಷದಲ್ಲಿ ಹೃದಯಾಘಾತ ಅಥವಾ ಸ್ಟ್ರೋಕ್ ಆಗುವ ಸಾಧ್ಯತೆ. ಈ ಥರದ ಲೆಕ್ಕದ ಬೇರು ಇರುವುದು ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಅನ್ನುವ ಊರಿನಲ್ಲಿ. 1948ರಲ್ಲಿ ಅಲ್ಲಿ 5,209 ಮಂದಿಯನ್ನು ಸೇರಿಸಿಕೊಂಡು, ವರ್ಷಗಟ್ಟಲೆ ಬಿಡದೆ ಪರೀಕ್ಷೆ ಮಾಡುತ್ತಾ ಹೋದರು. ಬಿಪಿ, ಕೊಲೆಸ್ಟ್ರಾಲು, ಸಿಗರೇಟು ಹೃದಯಕ್ಕೆ ಕೆಟ್ಟದ್ದು ಅಂತ ಇವತ್ತು ಮಕ್ಕಳೂ ಹೇಳುತ್ತಾರೆ ಅಂದರೆ ಆ ಊರಿನವರ ಪುಣ್ಯ. ಆದರೆ ಅವರು ಹೆಚ್ಚುಕಮ್ಮಿ ಎಲ್ಲರೂ ಬಿಳಿಯರು.

ಹಲವು ಅಧ್ಯಯನಗಳ ಜನರನ್ನು ಒಟ್ಟು ಸೇರಿಸಿ ಮಾಡಿದ 2013ರ ‘ಪೂಲ್ಡ್ ಕೊಹಾರ್ಟ್’ ಲೆಕ್ಕದಲ್ಲಿ ಆಫ್ರಿಕನ್ ಅಮೆರಿಕನ್ನರಿಗೆ ಬೇರೆ ಸೂತ್ರ ಬಂತು. ಕ್ಯಾಲ್ಕುಲೇಟರಿನಲ್ಲಿ ಮೂರು ಆಯ್ಕೆ ಇರುತ್ತವೆ: ವೈಟ್, ಆಫ್ರಿಕನ್ ಅಮೆರಿಕನ್, ಅದರ್. ‘ಅದರ್’ ಒತ್ತಿದರೆ ಒಳಗೆ ಓಡುವುದು ಬಿಳಿಯರ ಸೂತ್ರವೇ. ಆ ಮಾರ್ಗಸೂಚಿಯಲ್ಲೇ ಒಂದು ಉದಾಹರಣೆ ಇದೆ. ವಯಸ್ಸು 55, ಒಟ್ಟು ಕೊಲೆಸ್ಟ್ರಾಲ್ 213, ಎಚ್‌ಡಿಎಲ್ ಅನ್ನುವ ಒಳ್ಳೆಯ ಕೊಲೆಸ್ಟ್ರಾಲ್ 50, ಮೇಲಿನ ಬಿಪಿ 120, ಬಿಪಿಗೆ ಮಾತ್ರೆ ಇಲ್ಲ, ಶುಗರ್ ಇಲ್ಲ, ಸಿಗರೇಟ್ ಇಲ್ಲ. ಬಿಳಿಯ ಗಂಡಸಾದರೆ 5.3 ಪರ್ಸೆಂಟ್, ಕಪ್ಪು ಗಂಡಸಾದರೆ 6.1. ಬಿಳಿಯ ಹೆಂಗಸಾದರೆ 2.1, ಕಪ್ಪು ಹೆಂಗಸಾದರೆ 3.0. ಎಲ್ಲಾ ಸಂಖ್ಯೆ ಅದೇ, ಬಾಕ್ಸು ಮಾತ್ರ ಬೇರೆ. ನಮಗೆ ಅಂತ ಅಲ್ಲಿ ಒಂದು ಸಾಲೇ ಇಲ್ಲ.

ನಮ್ಮ ಸಾಲು ಇದ್ದಿದ್ದರೆ ಎಲ್ಲಿರುತ್ತಿತ್ತು? ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಅನ್ನುವ ದೊಡ್ಡ ಆರೋಗ್ಯ ಸಂಗ್ರಹದ ಮಾಹಿತಿ ಇಟ್ಟುಕೊಂಡು 2021ರಲ್ಲಿ ಬಂದ ಅಧ್ಯಯನದಲ್ಲಿ ಸುಮಾರು 11 ವರ್ಷದ ಅವಧಿಯಲ್ಲಿ ದಕ್ಷಿಣ ಏಷ್ಯಾ ಮೂಲದವರಲ್ಲಿ 6.8 ಪರ್ಸೆಂಟ್ ಜನರಿಗೆ ರಕ್ತನಾಳ ಕಟ್ಟಿಕೊಳ್ಳುವ ಹೃದಯದ ಅಥವಾ ಮೆದುಳಿನ ತೊಂದರೆ ಬಂತು. ಯುರೋಪ್ ಮೂಲದವರಲ್ಲಿ 4.4. ವಯಸ್ಸಿನ ವ್ಯತ್ಯಾಸ ಸರಿದೂಗಿಸಿದಾಗ ನಮ್ಮವರ ಅಪಾಯ ಹೆಚ್ಚುಕಮ್ಮಿ ಎರಡು ಪಟ್ಟು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲೂ ಇದೇ ಕಥೆ. ಮೊದಲ ಹೃದಯಾಘಾತದ ವಯಸ್ಸು ದಕ್ಷಿಣ ಏಷ್ಯಾದವರಿಗೆ ಸರಾಸರಿ 53, ಉಳಿದ ದೇಶದವರಿಗೆ 58.8. ಇದರಲ್ಲಿ ‘ನಮ್ಮ ರಕ್ತವೇ ಹಾಗೆ’ ಅನ್ನುವ ನಿಗೂಢ ಏನೂ ಬೇಡ. ಅದೇ ಶುಗರು, ಅದೇ ಕೊಲೆಸ್ಟ್ರಾಲು, ಅದೇ ಹೊಟ್ಟೆ. ನಮಗೆ ಅವು ಬೇಗ ಅಂಟಿಕೊಳ್ಳುತ್ತವೆ ಅಂತ ಆ ಅಧ್ಯಯನದವರೇ ತೋರಿಸಿದರು.

ಈಗ ಕೆಲಸಕ್ಕೆ ಬನ್ನಿ. ನಿಮ್ಮ ಇತ್ತೀಚಿನ ರಿಪೋರ್ಟ್ ಎದುರಿಗಿಟ್ಟುಕೊಳ್ಳಿ. ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್, ಮೇಲಿನ ಬಿಪಿ, ಎತ್ತರ, ತೂಕ, ಕಿಡ್ನಿ ಎಷ್ಟು ಚೆನ್ನಾಗಿ ಶೋಧಿಸುತ್ತದೆ ಅಂತ ಹೇಳುವ ಇಜಿಎಫ್‌ಆರ್, ಶುಗರ್, ಸಿಗರೇಟ್, ಬಿಪಿ ಮಾತ್ರೆ ಇದೆಯೋ ಇಲ್ಲವೋ, ಮುಖ್ಯವಾಗಿ ಬೇಕಾದ್ದು ಇಷ್ಟು. ಮೂರು ಕ್ಯಾಲ್ಕುಲೇಟರ್ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ.

ಮೊದಲನೆಯದು ಮೇಲೆ ಹೇಳಿದ 2013ರದ್ದು. 40 ವರ್ಷ ಆಗಿರಬೇಕು. 5ಕ್ಕಿಂತ ಕಮ್ಮಿ ಬಂದರೆ ಕಡಿಮೆ ಅಪಾಯ, 5ರಿಂದ 7.5ರ ತನಕ ಗಡಿಯ ಮೇಲೆ, 7.5ರಿಂದ 20 ಮಧ್ಯಮ, ಅದರ ಮೇಲೆ ಜಾಸ್ತಿ.

ಎರಡನೆಯದು ‘ಪ್ರಿವೆಂಟ್’. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ತಂದದ್ದು. 60 ಲಕ್ಷಕ್ಕೂ ಜಾಸ್ತಿ ಜನರ ಮಾಹಿತಿಯಿಂದ ಕಟ್ಟಿದ್ದು. ಇದರಲ್ಲಿ ರೇಸ್ ಕೇಳುವುದೇ ಇಲ್ಲ, ಬದಲಿಗೆ ಕಿಡ್ನಿಯ ಸಂಖ್ಯೆ ಕೇಳುತ್ತದೆ. ಬೇಕಾದರೆ ನೀವಿರುವ ಪ್ರದೇಶದ ಪಿನ್‌ಕೋಡ್ ಕೊಟ್ಟು ಅಲ್ಲಿನ ಬಡತನದ ಮಟ್ಟವನ್ನೂ ಸೇರಿಸಬಹುದು. ನನಗೆ ಇದು ಸರಿಯಾದ ದಾರಿ ಅನ್ನಿಸುತ್ತದೆ. ಡೆಟ್ರಾಯಿಟ್‌ನಲ್ಲಿ ಕೆಲಸ ಮಾಡುವವರಿಗೆ ಗೊತ್ತು, ಮೈಬಣ್ಣ ಅಂತ ನಾವು ಬರೆದುಕೊಳ್ಳುವುದರಲ್ಲಿ ಅರ್ಧ ಇರುವುದು ಮನೆ ಹತ್ತಿರ ತರಕಾರಿ ಅಂಗಡಿ ಇದೆಯಾ, ಇನ್ಶೂರೆನ್ಸ್ ಇದೆಯಾ, ಬಿಪಿ ಮಾತ್ರೆಗೆ ದುಡ್ಡಿದೆಯಾ ಅನ್ನುವ ವಿಷಯ. ಆದರೂ ನಮ್ಮವರಿಗೆ ಒಂದು ಎಚ್ಚರಿಕೆ. ಪ್ರಿವೆಂಟ್ ಕೊಡುವ ಸಂಖ್ಯೆ ಹಳೆಯದಕ್ಕಿಂತ ಸಾಮಾನ್ಯವಾಗಿ ಚಿಕ್ಕದು, ಎಷ್ಟೋ ಸಲ ಅರ್ಧದಷ್ಟು. ಅದನ್ನು ನೋಡಿ ‘ರಿಸ್ಕ್ ಅರ್ಧ ಆಯ್ತು’ ಅಂತ ಸಿಹಿ ಹಂಚಬೇಡಿ. ಬದಲಾಗಿದ್ದು ಸೂತ್ರ, ನಿಮ್ಮ ರಕ್ತನಾಳ ಅಲ್ಲ. ಇದರ ಒಳ್ಳೆಯ ಗುಣ ಅಂದರೆ 30 ವರ್ಷದಿಂದಲೇ ಬಳಸಬಹುದು, ಮುಂದಿನ 30 ವರ್ಷದ ಅಪಾಯವನ್ನೂ ಹೇಳುತ್ತದೆ. 34 ವರ್ಷದ ಸಾಫ್ಟ್‌ವೇರ್ ಹುಡುಗನನ್ನು ಹಳೆಯ ಕ್ಯಾಲ್ಕುಲೇಟರ್ ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ.

ಮೂರನೆಯದು ಬ್ರಿಟನ್ನಿನ ‘ಕ್ಯೂರಿಸ್ಕ್3’. ಇದರಲ್ಲಿ ಇಂಡಿಯನ್, ಪಾಕಿಸ್ತಾನಿ, ಬಾಂಗ್ಲಾದೇಶಿ ಅಂತ ಬೇರೆ ಬೇರೆ ಆಯ್ಕೆಗಳೇ ಇವೆ. ಬ್ರಿಟನ್ನಿನಲ್ಲಿ ನಮ್ಮವರು ತಲೆಮಾರುಗಳಿಂದ ಇದ್ದಾರೆ, ಅವರ ದಾಖಲೆ ಸರ್ಕಾರಿ ಡಾಕ್ಟರುಗಳ ಕಂಪ್ಯೂಟರಿನಲ್ಲಿ ಇದೆ, ಅದರಿಂದ ಇದು ಸಾಧ್ಯವಾಯ್ತು. ಬಳಸುವಾಗ ಪೋಸ್ಟ್‌ಕೋಡ್ ಜಾಗ ಖಾಲಿ ಬಿಡಿ, ಅದು ಅಲ್ಲಿನವರಿಗೆ. ಕೊಲೆಸ್ಟ್ರಾಲಿನ ಬದಲು ಅದು ಅನುಪಾತ ಕೇಳುತ್ತದೆ. ಒಟ್ಟು ಕೊಲೆಸ್ಟ್ರಾಲನ್ನು ಎಚ್‌ಡಿಎಲ್‌ನಿಂದ ಭಾಗಿಸಿ. ಮೇಲಿನ ಉದಾಹರಣೆಯಲ್ಲಿ 213 ಭಾಗಿಸು 50, ಅಂದರೆ 4.3. ಭಾಗಿಸಿದ ಮೇಲೆ ಯೂನಿಟ್ ತಾಪತ್ರಯ ಇಲ್ಲ, ಊರಿನ ರಿಪೋರ್ಟಾದರೂ ನಡೆಯುತ್ತದೆ. ಬ್ರಿಟನ್ನಿನಲ್ಲಿ 10 ಪರ್ಸೆಂಟ್ ದಾಟಿದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಮಾತು ಬರುತ್ತದೆ.

ಮೂರೂ ಸಂಖ್ಯೆ ಒಂದೇ ಆಗಿರುವುದಿಲ್ಲ. ಆಗಬೇಕಾಗಿಯೂ ಇಲ್ಲ, ಅವು ಲೆಕ್ಕ ಹಾಕುವ ಕಾಯಿಲೆಗಳ ಪಟ್ಟಿಯೇ ಸ್ವಲ್ಪ ಬೇರೆ. ನೋಡಬೇಕಾದ್ದು ಇಷ್ಟು: ಅಮೆರಿಕದ ಲೆಕ್ಕದಲ್ಲಿ ನೀವು ಗಡಿಯ ಆಸುಪಾಸಿನಲ್ಲಿದ್ದು, ಬ್ರಿಟನ್ನಿನ ಲೆಕ್ಕ ‘ಇಂಡಿಯನ್’ ಅಂದ ತಕ್ಷಣ ಮೇಲೆ ಹೋಗುತ್ತದೆಯಾ? ಹೋದರೆ ಡಾಕ್ಟರಿಗೆ ಈ ಒಂದು ವಾಕ್ಯ ಹೇಳಿ: ‘2018ರ ಕೊಲೆಸ್ಟ್ರಾಲ್ ಮಾರ್ಗಸೂಚಿಯಲ್ಲಿ ದಕ್ಷಿಣ ಏಷ್ಯಾ ಮೂಲವನ್ನು ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಸೇರಿಸಿದ್ದಾರೆ, ನನ್ನ ವಿಷಯದಲ್ಲಿ ಅದನ್ನು ಪರಿಗಣಿಸಿದ್ದೀರಾ?’ ವಾದ ಮಾಡಬೇಡಿ, ಸುಮ್ನೆ ಕೇಳಿ. ಒಳ್ಳೆಯ ಡಾಕ್ಟರು ಕುರ್ಚಿ ತಿರುಗಿಸಿ ಮತ್ತೆ ನೋಡುತ್ತಾರೆ.

ಅದೇ ಉಸಿರಿನಲ್ಲಿ ಇನ್ನೊಂದು ಕೇಳಿ: ಲೈಪೋಪ್ರೋಟೀನ್ ಎ ಅನ್ನುವ ರಕ್ತಪರೀಕ್ಷೆ. ಇದು ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಒಂದು ಥರದ ಕಣ. ಮಾಮೂಲಿ ಲಿಪಿಡ್ ಪ್ರೊಫೈಲ್‌ನಲ್ಲಿ ಇದು ಬರಲ್ಲ. ಹುಟ್ಟಿನಿಂದ ಬಂದದ್ದು, ಊಟ ಬದಲಿಸಿದರೂ ಅಷ್ಟಾಗಿ ಬದಲಾಗಲ್ಲ, ಹಾಗಾಗಿ ಜೀವನದಲ್ಲಿ ಒಂದು ಸಲ ಮಾಡಿಸಿದರೆ ಹೆಚ್ಚಿನವರಿಗೆ ಸಾಕು. ಬ್ರಿಟನ್ನಿನ ಮಾಹಿತಿಯಲ್ಲಿ ಇದರ ಮಧ್ಯಮ ಮಟ್ಟ ಬಿಳಿಯರಲ್ಲಿ 19, ದಕ್ಷಿಣ ಏಷ್ಯಾದವರಲ್ಲಿ 31, ಕಪ್ಪು ಜನರಲ್ಲಿ 75, ಚೀನೀಯರಲ್ಲಿ 16, ಎಲ್ಲವೂ ಲೀಟರಿಗೆ ನ್ಯಾನೋಮೋಲ್ ಲೆಕ್ಕದಲ್ಲಿ. 125 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಪಾಯ ಹೆಚ್ಚಿಸುವ ಅಂಶ ಅಂತ ಹಿಡಿಯುತ್ತಾರೆ. ಲ್ಯಾಬು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟಿದ್ದರೆ 50. ಯೂನಿಟ್ ನೋಡದೆ ಹೋಲಿಸಬೇಡಿ.

ತೂಕ ಮತ್ತು ಶುಗರ್

ಇದು ನಮ್ಮವರಿಗೆ ಈಗಾಗಲೇ ಗೊತ್ತಿರುವ ವಿಷಯ, ಬೇಗ ಮುಗಿಸುತ್ತೇನೆ. ಬಿಎಂಐ 25ರ ತನಕ ನಾರ್ಮಲ್ ಅಂತ ರಿಪೋರ್ಟ್ ಹೇಳುತ್ತದೆ. ನಮಗೆ 23ರಿಂದಲೇ ಎಚ್ಚರ ಬೇಕು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಪ್ಯಾಂಟಿನ ಸೈಜು ನೋಡಿ ಹೇಳಬೇಡಿ. ಪ್ಯಾಂಟನ್ನು ಹೊಟ್ಟೆಯ ಕೆಳಗೆ ಹಾಕುವವರೇ ಜಾಸ್ತಿ. ಟೇಪು ಹಿಡಿದು ಅಳೆಯಿರಿ.

ಮೂರು ತಿಂಗಳ ಶುಗರ್ ಅನ್ನುವ ಎಚ್‌ಬಿಎ1ಸಿಯನ್ನು ಒಂದೇ ನಂಬಬೇಡಿ. ರಕ್ತದಲ್ಲಿ ಕಬ್ಬಿಣ ಕಮ್ಮಿ ಇದ್ದರೆ ಅದು ಸುಳ್ಳೇ ಜಾಸ್ತಿ ತೋರಿಸಬಹುದು, ನಮ್ಮ ಹೆಂಗಸರಲ್ಲಿ ಕಬ್ಬಿಣದ ಕೊರತೆ ಎಷ್ಟು ಅಂತ ಹೇಳಬೇಕಾಗಿಲ್ಲ. ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಯ ಜೀನ್ ಇರುವ ಆಫ್ರಿಕನ್ ಅಮೆರಿಕನ್ನರಲ್ಲಿ ಉಲ್ಟಾ, ನಿಜಕ್ಕಿಂತ ಕಮ್ಮಿ ತೋರಿಸುತ್ತದೆ. ಖಾಲಿ ಹೊಟ್ಟೆಯ ಶುಗರನ್ನೂ ಜೊತೆಗೆ ಮಾಡಿಸಿ.

ಕ್ಯಾಲ್ಸಿಯಂ ಸ್ಕೋರ್ ಬಂದಾಗ

ಲೆಕ್ಕ ಗಡಿಯ ಮೇಲೆ ನಿಂತವರಿಗೆ ಡಾಕ್ಟರ್ ಒಂದು ಸಿಟಿ ಸ್ಕ್ಯಾನ್ ಹೇಳಬಹುದು. ಸೂಜಿ ಇಲ್ಲ, ಬಣ್ಣದ ಔಷಧಿ ಇಲ್ಲ, ಉಸಿರು ಹಿಡಿದು ಮಲಗಿದರೆ ಆಯಿತು. ರಕ್ತನಾಳದ ಗೋಡೆಯಲ್ಲಿ ಕೂತ ಸುಣ್ಣದಂಶವನ್ನು ಎಣಿಸಿ ಒಂದು ಸಂಖ್ಯೆ ಕೊಡುತ್ತಾರೆ. ಅಮೆರಿಕದಲ್ಲಿ ಎಷ್ಟೋ ಇನ್ಶೂರೆನ್ಸುಗಳು ಇದಕ್ಕೆ ದುಡ್ಡು ಕೊಡುವುದಿಲ್ಲ, ಮೊದಲೇ ಬೆಲೆ ಕೇಳಿಕೊಳ್ಳಿ.

ರಿಪೋರ್ಟಿನಲ್ಲಿ ಎರಡು ಸಂಖ್ಯೆ ಇರುತ್ತವೆ. ಒಂದು ಸ್ಕೋರು, ಉದಾಹರಣೆಗೆ 62. ಇನ್ನೊಂದು ಪರ್ಸೆಂಟೈಲ್, ಅಂದರೆ ನಿಮ್ಮ ವಯಸ್ಸಿನ, ನಿಮ್ಮ ಲಿಂಗದ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ನೀವು ಎಷ್ಟನೆಯವರು ಅಂತ. ಮೊದಲನೆಯದು ಎಲ್ಲರಿಗೂ ಒಂದೇ ಥರ ಎಣಿಸಿದ್ದು. ಎರಡನೆಯದರಲ್ಲೇ ಜನಾಂಗದ ಪ್ರಶ್ನೆ ಬರುವುದು. ಆ ನೂರು ಜನ ಯಾರು? ಹೆಚ್ಚಾಗಿ ಬಳಸುವ ಪಟ್ಟಿ ‘ಮೇಸಾ’ ಅಧ್ಯಯನದ್ದು. 2000ದಲ್ಲಿ ಶುರುವಾಗಿ ಅಮೆರಿಕದ ಆರು ಕಡೆಗಳಿಂದ 6,814 ಜನರನ್ನು ಸೇರಿಸಿಕೊಂಡಿತು. ಬಿಳಿಯರು, ಕಪ್ಪು ಜನ, ಹಿಸ್ಪಾನಿಕ್, ಚೀನೀ ಮೂಲದವರು. ಜನಾಂಗಗಳನ್ನು ಹೋಲಿಸಲೆಂದೇ ಮಾಡಿದ ಅಧ್ಯಯನ, ಅದರಲ್ಲೂ ನಾವಿಲ್ಲ. ನಾವು ‘ಏಷ್ಯನ್’ ಅಂತ ಹೇಳಿದ್ದಕ್ಕೆ ಯಾರಾದರೂ ನಮ್ಮನ್ನು ಚೀನೀಯರ ಪಟ್ಟಿಗೆ ಹಾಕಿದರೆ ಹೋಲಿಕೆಯೇ ತಪ್ಪು.

ಈ ಕೊರತೆ ತುಂಬಲು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಶಿಕಾಗೋ ಕಡೆಯ 906 ದಕ್ಷಿಣ ಏಷ್ಯಾ ಮೂಲದವರನ್ನು ಇಟ್ಟುಕೊಂಡು ಇನ್ನೊಂದು ಅಧ್ಯಯನ 2010ರಲ್ಲಿ ಶುರುವಾಯಿತು. ಅದರ ಹೆಸರು ‘ಮಸಾಲಾ’, ನಾನು ತಮಾಷೆ ಮಾಡುತ್ತಿಲ್ಲ. ಅವರು ಕಂಡದ್ದು: ನಮ್ಮ ಗಂಡಸರ ಕ್ಯಾಲ್ಸಿಯಂ ಹೆಚ್ಚುಕಮ್ಮಿ ಬಿಳಿಯ ಗಂಡಸರಷ್ಟೇ, ಉಳಿದ ಮೂರೂ ಗುಂಪಿಗಿಂತ ಜಾಸ್ತಿ. ಹಾಗಾಗಿ ರಿಪೋರ್ಟಿನ ಕೊನೆಯಲ್ಲಿ ಚಿಕ್ಕಕ್ಷರದಲ್ಲಿ ಯಾವ ಗುಂಪಿನ ಜೊತೆ ಹೋಲಿಸಿದ್ದಾರೆ ಅಂತ ಹುಡುಕಿ. ಬರೆದಿರದಿದ್ದರೆ ಕೇಳಿ. ಗಂಡಸರಾದರೆ ಬಿಳಿಯರ ಸಾಲಿನ ಜೊತೆ ಹೋಲಿಸುವುದು ಈಗಿರುವುದರಲ್ಲಿ ಹತ್ತಿರದ್ದು. ಅದಕ್ಕಿಂತ ಒಳ್ಳೆಯದು, ಪರ್ಸೆಂಟೈಲ್ ಬಿಟ್ಟು ಸ್ಕೋರನ್ನೇ ಹಿಡಿದು ಮಾತಾಡುವುದು. 100 ದಾಟಿದ್ದರೆ ಯಾವ ಜನಾಂಗವಾದರೂ ಸ್ಟ್ಯಾಟಿನ್ ಮಾತ್ರೆಯ ಮಾತು ಬರುತ್ತದೆ.

ಸೊನ್ನೆ ಬಂದರೆ? ಒಳ್ಳೆಯ ಸುದ್ದಿಯೇ. ಆದರೆ ಸ್ಕ್ಯಾನು ನೋಡುವುದು ಗಟ್ಟಿಯಾದ ಸುಣ್ಣವನ್ನು ಮಾತ್ರ, ಮೆತ್ತಗಿನ ಕೊಬ್ಬಿನ ಗಂಟು ಅದಕ್ಕೆ ಕಾಣಲ್ಲ. 38, 40ರ ವಯಸ್ಸಿನವರಲ್ಲಿ ಸುಣ್ಣ ಕೂರುವ ಮೊದಲೇ ಕಾಯಿಲೆ ಇರಬಹುದು. ಶುಗರ್ ಇದ್ದರೆ, ಸಿಗರೇಟ್ ಇದ್ದರೆ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ ಸೊನ್ನೆ ನೋಡಿ ಮಾತ್ರೆ ಬೇಡ ಅನ್ನಬಾರದು ಅಂತ ಮಾರ್ಗಸೂಚಿಯೇ ಹೇಳುತ್ತದೆ.

ಇಸಿಜಿಯ ಮೇಲಿನ ಸಾಲು

ಇಸಿಜಿ ಕಾಗದದ ಮೇಲ್ಭಾಗದಲ್ಲಿ ಮಷೀನು ತನ್ನಷ್ಟಕ್ಕೆ ಏನಾದರೂ ಬರೆದಿರುತ್ತದೆ. ಅದರಲ್ಲಿ ಜನ ಹೆದರುವ ಒಂದು ಸಾಲು ‘ಲೆಫ್ಟ್ ವೆಂಟ್ರಿಕ್ಯುಲರ್ ಹೈಪರ್‌ಟ್ರೊಫಿ’, ಹೃದಯದ ಎಡಗೋಡೆ ದಪ್ಪ ಆಗಿದೆ ಅಂತ. ಮಷೀನು ಗೋಡೆಯನ್ನು ನೋಡಿಲ್ಲ, ಗೆರೆಯ ಎತ್ತರ ಅಳೆದಿದೆ ಅಷ್ಟೇ. ನೀವೂ ಅಳೆಯಬಹುದು. ‘ವಿ1’ ಅಂತ ಬರೆದಿರುವ ಕಡೆ ಗೆರೆ ಕೆಳಗೆ ಎಷ್ಟು ಚಿಕ್ಕ ಚೌಕ ಇಳಿದಿದೆ ಎಣಿಸಿ. ‘ವಿ5’ ಅಥವಾ ‘ವಿ6’ ಹತ್ತಿರ ಎಷ್ಟು ಚೌಕ ಮೇಲೆ ಏರಿದೆ ಎಣಿಸಿ. ಎರಡನ್ನೂ ಕೂಡಿಸಿ. 35 ಚಿಕ್ಕ ಚೌಕ, ಅಂದರೆ ಏಳು ದೊಡ್ಡ ಚೌಕ ಮುಟ್ಟಿದರೆ ಹಳೆಯ ಸೊಕೊಲೋವ್–ಲಿಯಾನ್ ನಿಯಮದ ಪ್ರಕಾರ ಮಷೀನು ಆ ಸಾಲು ಬರೆಯುತ್ತದೆ.

ತೊಂದರೆ ಏನೆಂದರೆ ಆಫ್ರಿಕನ್ ಅಮೆರಿಕನ್ನರಲ್ಲಿ ಗೋಡೆ ಸರಿಯಾಗಿದ್ದರೂ ಗೆರೆಗಳು ಎತ್ತರವಾಗಿ ಬರುವುದು ಸಾಮಾನ್ಯ. ಹಾಗಾಗಿ ಅವರಲ್ಲಿ ಈ ನಿಯಮ ಸುಳ್ಳು ಗಂಟೆ ಬಾರಿಸುವುದು ಜಾಸ್ತಿ. ಎತ್ತರದ ತೆಳ್ಳಗಿನ ಹುಡುಗರಲ್ಲೂ, ಯಾವ ಜನಾಂಗವಾದರೂ ಸರಿ, ಹೀಗಾಗುತ್ತದೆ. ನನ್ನ ಮಂಚದ ಮೇಲೆ ಮಲಗುವ ಎಷ್ಟೋ ಜನ ಬಂದಿರುವುದು ಈ ಒಂದು ಸಾಲಿನಿಂದಲೇ. ಪ್ರೋಬ್ ಇಟ್ಟು ಗೋಡೆ ಅಳೆದರೆ 9 ಮಿ.ಮೀ., ನೆಟ್ಟಗಿದೆ. ಆ ಸಾಲು ಕಂಡರೆ ಗಾಬರಿ ಬೇಡ, ‘ಎಕೋದಲ್ಲಿ ಖಾತ್ರಿ ಮಾಡಿಕೊಳ್ಳೋಣವೇ’ ಅಂತ ಕೇಳಿ.

ಶಾಲೆಯ ಕ್ರೀಡಾ ತಪಾಸಣೆಯಲ್ಲಿ ಇನ್ನೊಂದು ಬರುತ್ತದೆ. ಕಪ್ಪು ಕ್ರೀಡಾಪಟುಗಳಲ್ಲಿ ವಿ1ರಿಂದ ವಿ4ರ ತನಕ ಪ್ರತಿ ಬಡಿತದ ಕೊನೆಗೆ ಬರುವ ಗುಡ್ಡದಂಥ ‘ಟಿ ಅಲೆ’ ತಲೆಕೆಳಗಾಗಿ, ಅದರ ಮುಂಚಿನ ಗೆರೆ ಗುಮ್ಮಟದಂತೆ ಎದ್ದಿದ್ದರೆ ಅದು ಅವರಿಗೆ ನಾರ್ಮಲ್ ಅಂತ 2017ರ ಅಂತರರಾಷ್ಟ್ರೀಯ ಮಾನದಂಡ ಒಪ್ಪಿದೆ. ಆ ರಿಯಾಯಿತಿ ನಮ್ಮ ಮಕ್ಕಳಿಗೆ ಇಲ್ಲ. 16 ದಾಟಿದ ನಮ್ಮ ಹುಡುಗನ ಇಸಿಜಿಯಲ್ಲಿ ವಿ3, ವಿ4ರ ತನಕ ತಲೆಕೆಳಗಾಗಿದ್ದರೆ ಹೃದಯದ ಡಾಕ್ಟರಿಗೆ ತೋರಿಸಲೇಬೇಕು.

ಎಕೋಗೆ ಬಂದಾಗ ನನಗೊಂದು ಸಹಾಯ ಮಾಡಿ

ಎತ್ತರ, ತೂಕ ಸರಿಯಾಗಿ ಹೇಳಿ. ಸುಮ್ನೆ ಕೇಳುತ್ತಿಲ್ಲ. ‘ಐದು ಅಡಿ ಇರಬಹುದು’, ‘ತೂಕ ನೋಡಿ ವರ್ಷ ಆಯ್ತಮ್ಮ’ ಅನ್ನುವವರೇ ಜಾಸ್ತಿ. ಆ ಎರಡು ಸಂಖ್ಯೆಯಿಂದ ಮಷೀನು ನಿಮ್ಮ ದೇಹದ ಮೇಲ್ಮೈ ಎಷ್ಟು ಚದರ ಮೀಟರ್ ಅಂತ ಲೆಕ್ಕ ಹಾಕಿ, ಹೃದಯದ ಅಳತೆಯನ್ನು ಅದರಿಂದ ಭಾಗಿಸುತ್ತದೆ. ಅವು ಇಲ್ಲದಿದ್ದರೆ ಆ ಕಾಲಂ ಖಾಲಿ ಉಳಿದು, ಐದಡಿಯ ಅಜ್ಜಿಗೂ ಆರಡಿಯ ಫುಟ್‌ಬಾಲ್ ಆಟಗಾರನಿಗೂ ಒಂದೇ ಪಟ್ಟಿ ಆಗಿಬಿಡುತ್ತದೆ.

ಒಂದು ಲೆಕ್ಕ ತೋರಿಸುತ್ತೇನೆ. ಮಹಾಪಧಮನಿಯ ಕವಾಟ ತುಂಬಾ ಸೋರುತ್ತಿರುವವರಿಗೆ ಆಪರೇಷನ್ ಯಾವಾಗ ಅಂತ ತೀರ್ಮಾನ ಮಾಡಲು ನೋಡುವ ಸಂಖ್ಯೆಗಳಲ್ಲಿ ಒಂದು, ಎಡ ಕೆಳಕೋಣೆ ಪೂರ್ತಿ ಕುಗ್ಗಿದಾಗ ಎಷ್ಟು ಅಗಲ ಅಂತ. 50 ಮಿ.ಮೀ. ದಾಟಿದರೆ, ಅಥವಾ ದೇಹದ ಪ್ರತಿ ಚದರ ಮೀಟರಿಗೆ 25 ಮಿ.ಮೀ. ದಾಟಿದರೆ. ಆರಡಿ, 95 ಕಿಲೋ ಇರುವ ಗಂಡಸಿನ ಮೇಲ್ಮೈ ಸುಮಾರು 2.2 ಚದರ ಮೀಟರ್. ಅವನಿಗೆ 50 ಅನ್ನುವುದೇ ಮೊದಲು ಬರುತ್ತದೆ. ಐದಡಿ, 48 ಕಿಲೋ ಇರುವ ನಮ್ಮ ಅಮ್ಮಂದಿರದು 1.42 ಚದರ ಮೀಟರ್. ಅವರ ಮಿತಿ 36ರ ಹತ್ತಿರ. 50 ಮುಟ್ಟಲಿ ಅಂತ ಕಾಯುತ್ತಾ ಕೂತರೆ ಹೃದಯ ಸೋತ ಮೇಲೆ ಗೊತ್ತಾಗುತ್ತದೆ.

ದೇಹಕ್ಕೆ ತಕ್ಕಂತೆ ಭಾಗಿಸಿದ ಮೇಲೂ ದೇಶದಿಂದ ದೇಶಕ್ಕೆ ವ್ಯತ್ಯಾಸ ಉಳಿಯುತ್ತದೆ. 15 ದೇಶಗಳ 2,008 ಆರೋಗ್ಯವಂತರ ಎಕೋ ಅಳೆದ ‘ವೇಸ್’ ಅಧ್ಯಯನದಲ್ಲಿ ಏಷ್ಯಾದವರ, ಅದರಲ್ಲೂ ಭಾರತದವರ ಹೃದಯದ ಕೋಣೆಗಳು ಚಿಕ್ಕವು ಅಂತ ಕಂಡಿತು. ಅಂದರೆ ರಿಪೋರ್ಟಿನಲ್ಲಿ ‘ನಾರ್ಮಲ್ ಮಿತಿಯ ಮೇಲಂಚಿನಲ್ಲಿದೆ’ ಅಂತ ಇದ್ದರೆ ನಮ್ಮವರ ಮಟ್ಟಿಗೆ ಅದು ಹಿಗ್ಗಿರುವ ಹೃದಯವೂ ಇರಬಹುದು. ಇದಕ್ಕೆ ಸುಲಭ ಉಪಾಯ, ಹಳೆಯ ಎಕೋ ರಿಪೋರ್ಟ್ ಜೊತೆಗೆ ತನ್ನಿ. ನಿಮ್ಮದೇ ಹಳೆಯ ಅಳತೆಗೆ ಹೋಲಿಸುವಾಗ ಯಾವ ಜನಾಂಗದ ಪಟ್ಟಿಯೂ ಬೇಕಾಗಲ್ಲ.

ಆಫ್ರಿಕನ್ ಅಮೆರಿಕನ್ ರೋಗಿಗಳಲ್ಲಿ ಬೇರೆ ಥರದ ತಪ್ಪು ಆಗುತ್ತದೆ. ಗೋಡೆ ನಿಜಕ್ಕೂ ದಪ್ಪ ಇದ್ದಾಗ ‘ಬಿಪಿಯಿಂದ’ ಅಂತ ಬರೆದು ಮುಗಿಸುತ್ತಾರೆ. ಅವರಲ್ಲಿ 3ರಿಂದ 4 ಪರ್ಸೆಂಟ್ ಜನರಲ್ಲಿ ಟಿಟಿಆರ್ ಅನ್ನುವ ಜೀನಿನ ಒಂದು ಬದಲಾವಣೆ ಇರುತ್ತದೆ. ವಯಸ್ಸಾದ ಮೇಲೆ ಅವರಲ್ಲಿ ಕೆಲವರ ಹೃದಯದ ಗೋಡೆಯಲ್ಲಿ ಅಮೈಲಾಯ್ಡ್ ಅನ್ನುವ ಪ್ರೋಟೀನ್ ಕೂರುತ್ತದೆ. ಎಕೋದಲ್ಲಿ ಗೋಡೆ ದಪ್ಪ, ಆದರೆ ಇಸಿಜಿಯ ಗೆರೆ ಕುಳ್ಳ, ಹಿಂದೆ ಎರಡೂ ಮುಂಗೈಯ ನರಕ್ಕೆ ಆಪರೇಷನ್ ಆಗಿದೆ. ಈ ಮೂರೂ ಸೇರಿದರೆ ಬಿಪಿ ಅಂತ ಸುಮ್ಮನಾಗಬಾರದು. ಈಗ ಅದಕ್ಕೆ ಔಷಧಿ ಇದೆ. ನಿಮ್ಮ ಪಕ್ಕದ ಮನೆಯವರೋ ಸಹೋದ್ಯೋಗಿಯೋ ಇಂಥವರಿದ್ದರೆ ಹೇಳಿ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್

ಈ ವಿಷಯದಲ್ಲಿ ನಮ್ಮ ಮಿಶಿಗನ್ ಹೆಸರು ಮಾಡಿದೆ. ಆನ್ ಆರ್ಬರ್‌ನ ವಿಶ್ವವಿದ್ಯಾಲಯದ ಡಾಕ್ಟರುಗಳು 2020ರಲ್ಲಿ ರಕ್ತದ ಆಮ್ಲಜನಕ ಎಷ್ಟು ಅಂತ ಮೀಟರ್ ತೋರಿಸಿದ್ದನ್ನೂ ರಕ್ತ ತೆಗೆದು ಅಳೆದದ್ದನ್ನೂ ಹೋಲಿಸಿದರು. ಮೀಟರ್ 92ರಿಂದ 96 ತೋರಿಸುತ್ತಿದ್ದಾಗ ನಿಜವಾದ ಮಟ್ಟ 88ಕ್ಕಿಂತ ಕಮ್ಮಿ ಇದ್ದದ್ದು ಬಿಳಿಯರಲ್ಲಿ 3.6 ಪರ್ಸೆಂಟ್, ಕಪ್ಪು ರೋಗಿಗಳಲ್ಲಿ 11.7. ಮೀಟರು ಕೆಲಸ ಮಾಡುವುದು ಬೆಳಕು ಹಾಯಿಸಿ. ಚರ್ಮದ ಬಣ್ಣ ಆ ಬೆಳಕಿಗೆ ಅಡ್ಡ ಬರುತ್ತದೆ. ಇಲ್ಲಿ ‘ರೇಸ್’ಗಿಂತ ಬಣ್ಣವೇ ಮುಖ್ಯ, ನಮ್ಮಲ್ಲೂ ಕಡುಬಣ್ಣದವರು ಬೇಕಾದಷ್ಟು ಇದ್ದೇವೆ.

ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಹೃದಯದ ದೊಡ್ಡ ದೋಷ ಇದೆಯಾ ಅಂತ ನೋಡುವುದೂ ಇದೇ ಮೀಟರಿನಿಂದ, ಬಲಗೈಗೆ ಮತ್ತು ಒಂದು ಕಾಲಿಗೆ ಹಾಕಿ. ದೇಶದ ನವಜಾತ ತಪಾಸಣೆಯ ಪಟ್ಟಿಗೆ 2011ರಲ್ಲಿ ಸೇರಿತು. ಬಾಣಂತನಕ್ಕೆ ಬಂದ ಅಜ್ಜಿಯರಿಗೆ ನನ್ನ ಮಾತು ಇಷ್ಟೇ: ನಂಬರು ಪಾಸಾದರೂ ಮಗುವಿನ ನಾಲಿಗೆ, ವಸಡು ನೀಲಿ ಕಂಡರೆ, ಹಾಲು ಕುಡಿಯುವಾಗ ಬೆವೆತು ಏದುಸಿರು ಬಿಟ್ಟರೆ ತಕ್ಷಣ ಹೇಳಿ. ಕಪ್ಪಗಿನ ಮಗುವಿನ ಕೆನ್ನೆ ನೋಡಿದರೆ ನೀಲಿ ಗೊತ್ತಾಗಲ್ಲ, ಬಾಯಿ ಒಳಗೇ ನೋಡಬೇಕು.

ಜೀನ್ ಪರೀಕ್ಷೆಯ ರಿಪೋರ್ಟ್

ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಗೆ ಮನೆಮಂದಿಗೆಲ್ಲ ಜೀನ್ ಪರೀಕ್ಷೆ ಮಾಡಿಸುವುದುಂಟು. 2016ರಲ್ಲಿ ಒಂದು ಮುಜುಗರದ ವಿಷಯ ಹೊರಬಂತು. ‘ಕಾಯಿಲೆ ತರುತ್ತದೆ’ ಅಂತ ಹಿಂದೆ ಬರೆದುಕೊಟ್ಟಿದ್ದ ಕೆಲವು ಬದಲಾವಣೆಗಳು ಆರೋಗ್ಯವಂತ ಕಪ್ಪು ಜನರಲ್ಲಿ ಮಾಮೂಲಿ. ಮೊದಲು ಹೋಲಿಸಲು ಇಟ್ಟುಕೊಂಡ ಗುಂಪಿನಲ್ಲಿ ಅವರು ಸಾಕಷ್ಟು ಇರಲಿಲ್ಲ, ಹಾಗಾಗಿ ಅಪರೂಪದ್ದು ಅಂದುಕೊಂಡರು. ನಮ್ಮಲ್ಲೂ ಹಾಗೆ ಮಾಮೂಲಿಯಾಗಿ ಸಿಗುವ ಬದಲಾವಣೆ ಒಂದಿದೆ. ಎಂವೈಬಿಪಿಸಿ3 ಜೀನಿನಲ್ಲಿ 25 ಡಿಎನ್‌ಎ ಅಕ್ಷರ ಬಿಟ್ಟುಹೋಗಿರುವುದು ದಕ್ಷಿಣ ಏಷ್ಯಾದವರಲ್ಲಿ ಸುಮಾರು 4 ಪರ್ಸೆಂಟ್ ಜನರಲ್ಲಿದೆ ಅಂತ 2009ರಲ್ಲಿ ಗೊತ್ತಾಯಿತು. ರಿಪೋರ್ಟಿನಲ್ಲಿ ಇದರ ಹೆಸರು ಇದ್ದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ. ಹಳೆಯ ಜೀನ್ ರಿಪೋರ್ಟ್ ಇದ್ದರೆ ‘ಇದನ್ನು ಈಗ ಹೇಗೆ ವರ್ಗ ಮಾಡಿದ್ದಾರೆ’ ಅಂತ ಜೆನೆಟಿಕ್ ಕೌನ್ಸಿಲರ್ ಹತ್ತಿರ ಮತ್ತೆ ಕೇಳಿ.

ಊರಿನಲ್ಲಿರುವವರಿಗೆ

ಬೆಂಗಳೂರು, ಹುಬ್ಬಳ್ಳಿಯ ಮಾಸ್ಟರ್ ಹೆಲ್ತ್ ಚೆಕಪ್‌ನಲ್ಲಿ ರೇಸ್ ಕಾಲಂ ಇರಲ್ಲ, ಎಲ್ಲರೂ ನಾವೇ. ಆದರೆ ರಿಪೋರ್ಟಿನಲ್ಲಿ ಅಪಾಯದ ಪರ್ಸೆಂಟ್ ಕೊಟ್ಟಿದ್ದರೆ ಅದು ಯಾವ ದೇಶದ ಸೂತ್ರ ಅಂತ ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಗತ್ತನ್ನು 21 ಪ್ರದೇಶಗಳಾಗಿ ಭಾಗಿಸಿ ಅಪಾಯದ ಪಟ್ಟಿ ಕೊಟ್ಟಿದೆ, ದಕ್ಷಿಣ ಏಷ್ಯಾಕ್ಕೆ ಬೇರೆಯದೇ ಇದೆ. ಅದರಲ್ಲಿ ಕೊಲೆಸ್ಟ್ರಾಲ್ ಇಲ್ಲದೆ ಬರೀ ಬಿಎಂಐ ಇಟ್ಟುಕೊಂಡು ನೋಡುವ ಪಟ್ಟಿಯೂ ಇದೆ, ಲ್ಯಾಬ್ ದೂರ ಇರುವ ಹಳ್ಳಿಗೆ ಅದು ಅನುಕೂಲ. ಈ ಸಂಸ್ಥೆಯ ಪಟ್ಟಿಗಳೆಲ್ಲ 40ರಿಂದ ಮೇಲಿನವರಿಗೆ. ನಮ್ಮಲ್ಲಿ 40ರೊಳಗೇ ಹೃದಯಾಘಾತ ಆಗುವವರು ಎಷ್ಟಿದ್ದಾರೆ ಅಂದರೆ ಬೆಂಗಳೂರಿನ ಜಯದೇವ ಸಂಸ್ಥೆ ಅವರದ್ದೇ ಪ್ರತ್ಯೇಕ ದಾಖಲೆ ಇಟ್ಟು ಅಧ್ಯಯನ ಮಾಡುತ್ತಿದೆ. ಆ ವಯಸ್ಸಿನವರಿಗೆ ಪಟ್ಟಿ ನೋಡುತ್ತಾ ಕೂರುವ ಬದಲು ಬಿಪಿ, ಶುಗರು, ಸೊಂಟದ ಸುತ್ತಳತೆ, ಮನೆಯವರ ಇತಿಹಾಸ, ಲೈಪೋಪ್ರೋಟೀನ್ ಎ, ಇವನ್ನು ಒಂದೊಂದಾಗಿ ನೋಡಿಸುವುದೇ ಮೇಲು.

ಅಪ್ಪ ಅಮ್ಮ ಆರು ತಿಂಗಳಿಗೆ ಇಲ್ಲಿಗೆ ಬರುವಾಗ ಫೈಲಿನಲ್ಲಿ ಏನಿಡಬೇಕು ಅಂತ ತುಂಬಾ ಜನ ಕೇಳುತ್ತಾರೆ. ‘ರಿಸ್ಕ್ 6 ಪರ್ಸೆಂಟ್’ ಅಂತ ಬರೆದ ಸಾರಾಂಶದ ಹಾಳೆ ಸಾಲದು, ಇಲ್ಲಿನ ಡಾಕ್ಟರ್ ಬೇರೆ ಸೂತ್ರ ಬಳಸಿದರೆ ಆ 6ಕ್ಕೆ ಅರ್ಥ ಇರಲ್ಲ. ಮೂಲ ಸಂಖ್ಯೆಗಳಿರುವ ಲ್ಯಾಬ್ ರಿಪೋರ್ಟ್, ಇಸಿಜಿಯ ಪೂರ್ತಿ ಕಾಗದ, ಎಕೋದ ಅಳತೆಗಳಿರುವ ಪುಟ ಇಡಿ. ಇಸಿಜಿ ಕಾಗದ ಬಿಸಿಲಿಗೆ, ಪ್ಲಾಸ್ಟಿಕ್ ಕವರಿಗೆ ಮಾಸಿಹೋಗುತ್ತದೆ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಫೋಟೋದಲ್ಲಿ ತಾರೀಕೂ ಚಿಕ್ಕ ಚೌಕಗಳೂ ಸ್ಪಷ್ಟವಾಗಿ ಕಾಣುತ್ತವಾ ನೋಡಿ.